ಕೆಸರಿನಲ್ಲಿ ಹುಟ್ಟಿದ ಕಪ್

1954ರ ಡಿಸೆಂಬರ್ 13, ಸೋಮವಾರ. ಇಂಗ್ಲೆಂಡಿನ ಕೈಗಾರಿಕಾ ಪಟ್ಟಣ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ದಿನಗಟ್ಟಲೆ ಮಳೆ ಹಿಡಿದಿತ್ತು. ಮೊಲಿನ್ಯೂ ಕ್ರೀಡಾಂಗಣದ ಹುಲ್ಲು ಆಗಲೇ ನೀರು ಕುಡಿದು ಮೆತ್ತಗಾಗಿತ್ತು. ಅಷ್ಟಾದರೂ ವುಲ್ವ್ಸ್ ತಂಡದ ಮ್ಯಾನೇಜರ್ ಸ್ಟಾನ್ ಕಲ್ಲಿಸ್ ಕ್ಲಬ್ಬಿನ ಎಳೆಯ ಹುಡುಗರನ್ನು ಕರೆದು, ಮೈದಾನಕ್ಕೆ ಇನ್ನಷ್ಟು ನೀರು ಹಾಯಿಸಿ ಎಂದರು. ಪೈಪು ಹಿಡಿದು ನಿಂತ ಆ ಹುಡುಗರಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಅವರಲ್ಲೊಬ್ಬ ರಾನ್ ಅಟ್ಕಿನ್ಸನ್. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮ್ಯಾನೇಜರ್ ಆದ ಅವರು, ಅಂದು ನೀರು ಹಾಯಿಸಿದ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಕಲ್ಲಿಸ್ ಲೆಕ್ಕಾಚಾರ ಸರಳವಾಗಿತ್ತು. ಆ ರಾತ್ರಿ ಬರಲಿದ್ದ ತಂಡ ಹಂಗೆರಿಯ ಬುಡಾಪೆಸ್ಟ್ ಹೊನ್ವೇಡ್. ಫೆರೆಂಕ್ ಪುಷ್ಕಾಸ್, ಶಾಂದೋರ್ ಕೊಚಿಷ್, ಜೋಲ್ತಾನ್ ಸಿಬೋರ್, ಯೋಜೆಫ್ ಬೋಜಿಕ್ ಎಲ್ಲರೂ ಆ ಸೇನಾ ತಂಡದವರೇ. ಹಂಗೆರಿಯ ರಾಷ್ಟ್ರೀಯ ತಂಡ 1953ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಗೇ ಬಂದು ಇಂಗ್ಲೆಂಡನ್ನು 6-3ರಿಂದ ಕೆಡವಿತ್ತು. ಆರು ತಿಂಗಳ ಬಳಿಕ ಬುಡಾಪೆಸ್ಟ್‌ನಲ್ಲಿ ಮತ್ತೆ 7-1. ಫುಟ್‌ಬಾಲನ್ನು ಜಗತ್ತಿಗೆ ಕೊಟ್ಟವರು ತಾವೇ ಎಂದು ನಂಬಿದ್ದ ಜನಕ್ಕೆ ಅದು ನುಂಗಲಾಗದ ತುತ್ತು. ನೆಲಕ್ಕೆ ಅಂಟಿದಂತೆ ಸಾಗುವ ಹಂಗೆರಿಯವರ ಪುಟ್ಟ ಪುಟ್ಟ ಪಾಸುಗಳನ್ನು ನಿಲ್ಲಿಸಲು ಕೆಸರಿಗಿಂತ ಒಳ್ಳೆಯ ಡಿಫೆಂಡರ್ ಸಿಗುವುದಿಲ್ಲ ಎಂಬುದನ್ನು ಕಲ್ಲಿಸ್ ಕಂಡುಕೊಂಡಿದ್ದರು.

ಆದರೂ ಮೊದಲ ಕಾಲು ಗಂಟೆ ಹೊನ್ವೇಡ್ ಆಟವೇ ಆಟ. ಪುಷ್ಕಾಸ್ ಒದ್ದ ಫ್ರೀ ಕಿಕ್‌ಗೆ ಕೊಚಿಷ್ ತಲೆ ಕೊಟ್ಟರು, ಗೋಲು. ಸ್ವಲ್ಪ ಹೊತ್ತಿಗೆ ಇನ್ನೊಂದು. ವಿರಾಮದ ನಂತರ ಚಿತ್ರ ಬದಲಾಯಿತು. ಹಂಗೆರಿಯವರ ಬೂಟುಗಳಿಗೆ ಕೆಸರು ಮೆತ್ತಿಕೊಂಡಿತು, ಚೆಂಡು ಭಾರವಾಯಿತು, ಕಾಲು ಸೋತಿತು. ವುಲ್ವ್ಸ್‌ನ ಜಾನಿ ಹ್ಯಾನ್‌ಕಾಕ್ಸ್ ಪೆನಾಲ್ಟಿಯಲ್ಲಿ ಒಂದು ಗೋಲು ಹೊಡೆದರು. ಕೊನೆಯ ಕಾಲು ಗಂಟೆಯಲ್ಲಿ ರಾಯ್ ಸ್ವಿನ್‌ಬರ್ನ್ ಒಂದರ ಹಿಂದೆ ಒಂದರಂತೆ ಎರಡು ಗೋಲು ಬಾರಿಸಿದರು. 3-2. ಹೊನಲು ಬೆಳಕಿನಲ್ಲಿ ಹೊಳೆಯಲೆಂದೇ ಹೊಲಿಸಿದ್ದ ವುಲ್ವ್ಸ್‌ನ ನಯವಾದ ಅಂಗಿಗಳು ಅಷ್ಟು ಹೊತ್ತಿಗೆ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಐವತ್ತು ಸಾವಿರ ಮೀರಿದ ಜನ ಮೈದಾನದಲ್ಲಿ, ಇನ್ನೆಷ್ಟೋ ಜನ ಬಿಬಿಸಿಯ ನೇರಪ್ರಸಾರದ ಮುಂದೆ. ಮರುದಿನದ ಇಂಗ್ಲಿಷ್ ಪತ್ರಿಕೆಗಳು ವುಲ್ವ್ಸ್‌ಗೆ ವಿಶ್ವ ಚಾಂಪಿಯನ್ ಪಟ್ಟವನ್ನೇ ಕಟ್ಟಿಬಿಟ್ಟವು.

ಪ್ಯಾರಿಸ್‌ನಲ್ಲಿ ಒಬ್ಬರಿಗೆ ಈ ಮಾತು ಸಹನೆಯಾಗಲಿಲ್ಲ.

ಅವರು ಗಾಬ್ರಿಯೆಲ್ ಅನೋ, ‘ಲೆಕಿಪ್’ ಕ್ರೀಡಾ ಪತ್ರಿಕೆಯ ಬರಹಗಾರ. ಬರೀ ಪೆನ್ನು ಹಿಡಿದವರಲ್ಲ. ಫ್ರಾನ್ಸ್ ಪರ ಆಡಿದ್ದರು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದರು, ಆ ದೇಶದಲ್ಲಿ ವೃತ್ತಿಪರ ಫುಟ್‌ಬಾಲ್ ಬೇರೂರಲು ದುಡಿದಿದ್ದರು. ಅವರ ನೇರವಂತಿಕೆಗೆ ಒಂದು ನಿದರ್ಶನ ಸಾಕು. ಫ್ರಾನ್ಸ್ ತಂಡದ ಹೊಣೆ ಅವರ ಮೇಲಿದ್ದಾಗ, 1949ರಲ್ಲಿ ತಂಡ ತವರಿನಲ್ಲೇ ಸ್ಪೇನ್‌ಗೆ 5-1ರಿಂದ ಸೋತಿತು. ಅನೋ ಪತ್ರಿಕೆಯಲ್ಲಿ ಹೆಸರು ಹಾಕದೆ ತಮ್ಮನ್ನೇ ಟೀಕಿಸಿ ಬರೆದು, ಆ ಹುದ್ದೆಯಿಂದ ಇಳಿದರು.

ಇಂಥ ಮನುಷ್ಯ ಮೊಲಿನ್ಯೂ ಪಂದ್ಯದ ಬಗ್ಗೆ ಎತ್ತಿದ ತಕರಾರು ಒಂದೇ. ವುಲ್ವ್ಸ್ ಗೆದ್ದಿದ್ದು ತಮ್ಮ ಊರಿನಲ್ಲಿ, ತಮ್ಮ ಕೆಸರಿನಲ್ಲಿ. ಅವರನ್ನು ಅಜೇಯರೆಂದು ಸಾರುವ ಮೊದಲು ಅವರು ಮಾಸ್ಕೋಗೆ ಹೋಗಲಿ, ಬುಡಾಪೆಸ್ಟ್‌ಗೆ ಹೋಗಲಿ, ಅಲ್ಲಿ ಆಡಿ ತೋರಿಸಲಿ. ಮಿಲಾನ್ ಇದೆ, ರಿಯಲ್ ಮ್ಯಾಡ್ರಿಡ್ ಇದೆ, ಅವುಗಳೂ ಸಾಮಾನ್ಯ ಕ್ಲಬ್ಬುಗಳಲ್ಲ. ಯುರೋಪಿನ ಕ್ಲಬ್ಬುಗಳಿಗೊಂದು ಟೂರ್ನಿ ಬೇಕೆಂಬುದು ಇದರಿಂದ ಸ್ಪಷ್ಟ ಎಂದು ಅನೋ ಬರೆದರು. ಕೆಲವೇ ದಿನಗಳಲ್ಲಿ ಅದರ ಕರಡು ಯೋಜನೆಯೂ ಪತ್ರಿಕೆಯಲ್ಲಿ ಅಚ್ಚಾಯಿತು. ತವರಿನಲ್ಲೊಂದು ಪಂದ್ಯ, ಎದುರಾಳಿಯ ಊರಿನಲ್ಲೊಂದು ಪಂದ್ಯ, ವಾರದ ನಡುವೆ, ರಾತ್ರಿ ಹೊತ್ತು. ಇಂದು ಚಾಂಪಿಯನ್ಸ್ ಲೀಗ್ ಎಂದು ಕರೆಯುವ ಯುರೋಪಿಯನ್ ಕಪ್ಪಿನ ಬೀಜ ಇದು. ಎಪ್ಪತ್ತು ವರ್ಷಗಳಲ್ಲಿ ಆ ಟೂರ್ನಿಯ ಮೈಮೇಲೆ ಏನೆಲ್ಲ ಬೆಳೆದಿದ್ದರೂ, ಅದರ ಜೀವ ಇರುವುದು ಅನೋ ಹಾಕಿದ ಆ ಒಂದು ಷರತ್ತಿನಲ್ಲಿ: ಗೆದ್ದೆ ಎನ್ನುವವನು ಪರರ ಅಂಗಳಕ್ಕೂ ಹೋಗಿ ಬರಬೇಕು.

ಬೀಜ ಪೂರ್ತಿ ಅನೋ ಅವರದೇ ಎಂದರೆ ತಪ್ಪಾದೀತು. ಮಧ್ಯ ಯುರೋಪಿನ ಕ್ಲಬ್ಬುಗಳು ಆಸ್ಟ್ರಿಯಾದ ಹ್ಯೂಗೊ ಮೈಸ್ಲ್ ಮುಂದಾಳತ್ವದಲ್ಲಿ 1927ರಿಂದಲೇ ಮಿಟ್ರೋಪಾ ಕಪ್ ಆಡುತ್ತಿದ್ದವು. ಫ್ರಾನ್ಸ್, ಇಟಲಿ, ಸ್ಪೇನ್, ಪೋರ್ಚುಗಲ್ ಚಾಂಪಿಯನ್ನರ ಲ್ಯಾಟಿನ್ ಕಪ್ 1949ರಲ್ಲಿ ಶುರುವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅನೋ ಅವರ ಕಿರಿಯ ಸಹೋದ್ಯೋಗಿ ಜಾಕ್ ಫೆರಾಂ ಅವರ ಕಣ್ಣು ದಕ್ಷಿಣ ಅಮೆರಿಕದ ಮೇಲಿತ್ತು. 1948ರಲ್ಲಿ ಚಿಲಿಯ ಕೊಲೊ-ಕೊಲೊ ಕ್ಲಬ್ ಆ ಖಂಡದ ಏಳು ದೇಶಗಳ ಚಾಂಪಿಯನ್ನರನ್ನು ಸಾಂಟಿಯಾಗೊಗೆ ಕರೆದು ಆಡಿಸಿತ್ತು. ಗೆದ್ದದ್ದು ಬ್ರೆಜಿಲ್‌ನ ವಾಸ್ಕೊ ಡ ಗಾಮ. ಅವರಿಂದ ಆದದ್ದು ಯುರೋಪಿನಿಂದ ಯಾಕಾಗದು ಎಂಬ ಪ್ರಶ್ನೆ ಫೆರಾಂ ಅವರನ್ನು ಕಾಡುತ್ತಿತ್ತು. ಯುರೋಪಿಯನ್ ಕಪ್ಪಿನ ಇತಿಹಾಸ ಬರೆಯುವವರು ಚಿಲಿಯ ಹೆಸರನ್ನು ಬಿಟ್ಟುಬಿಡುವುದುಂಟು. ಅದು ನ್ಯಾಯವಲ್ಲ.

ಪತ್ರಿಕೆಗೆ ಇದರಲ್ಲಿ ಲಾಭವೂ ಇತ್ತು. ‘ಲೆಕಿಪ್’ನ ಹಿಂದಿನ ಅವತಾರವಾದ ‘ಲೋಟೋ’ ಪತ್ರಿಕೆ 1903ರಲ್ಲಿ ಪ್ರಸಾರ ಹೆಚ್ಚಿಸಿಕೊಳ್ಳಲೆಂದೇ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಹುಟ್ಟುಹಾಕಿತ್ತು. ಬೇಸಿಗೆಗೆ ಸೈಕಲ್ ಇತ್ತು, ವಾರಾಂತ್ಯಕ್ಕೆ ಲೀಗ್ ಪಂದ್ಯಗಳಿದ್ದವು. ಮಂಗಳವಾರ, ಬುಧವಾರ, ಗುರುವಾರದ ಪುಟಗಳು ಮಾತ್ರ ಸಪ್ಪೆ. ವಾರದ ನಡುವೆ ಆಟವಿದ್ದರೆ ಓದುಗರೂ ಇರುತ್ತಾರೆ. ಆದರೆ ಕೆಲಸದ ದಿನ ಹಗಲಲ್ಲಿ ಯಾರು ಬರುತ್ತಾರೆ? ರಾತ್ರಿ ಆಡಬೇಕು, ಅದಕ್ಕೆ ಹೊನಲು ಬೆಳಕು ಬೇಕು. ಯುದ್ಧಾನಂತರದ ಯುರೋಪಿನಲ್ಲಿ ಒಂದೊಂದೇ ಕ್ರೀಡಾಂಗಣದಲ್ಲಿ ದೀಪದ ಕಂಬಗಳು ಏಳುತ್ತಿದ್ದ ಕಾಲವದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಂದು ಹುಡುಗರು ಮಂಗಳವಾರ, ಬುಧವಾರಗಳ ರಾತ್ರಿ ಹನ್ನೆರಡೂವರೆಗೋ ಒಂದೂವರೆಗೋ ನಿದ್ದೆಗೆಟ್ಟು ಪರದೆಯ ಮುಂದೆ ಕೂರುತ್ತಾರಲ್ಲ, ಆ ವೇಳಾಪಟ್ಟಿ ನಿಂತಿರುವುದು ಅಂದಿನ ಆ ದೀಪದ ಕಂಬಗಳ ಮೇಲೆ.

ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಹುಟ್ಟಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಕ್ಲಬ್ಬುಗಳ ಟೂರ್ನಿ ತನ್ನ ಕೆಲಸವಲ್ಲ ಎಂಬುದು ಅದರ ಮೊದಲ ನಿಲುವು. ಪತ್ರಿಕೆ ಕಾಯಲಿಲ್ಲ. 1955ರ ಏಪ್ರಿಲ್ ಮೊದಲ ವಾರ ಕ್ಲಬ್ಬುಗಳ ಪ್ರತಿನಿಧಿಗಳನ್ನು ಪ್ಯಾರಿಸ್‌ನ ಅಂಬಾಸಡರ್ ಹೋಟೆಲಿಗೆ ಕರೆಯಿತು. ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಸಾಂಟಿಯಾಗೊ ಬರ್ನಬ್ಯೂ ಬಂದರು. ವೆಂಬ್ಲಿಯಲ್ಲಿ ಗೆದ್ದ ಹಂಗೆರಿ ತಂಡದ ರೂವಾರಿ ಗುಸ್ತಾವ್ ಶೆಬೆಷ್ ಬಂದರು. ಒಬ್ಬರು ಸರ್ವಾಧಿಕಾರಿ ಫ್ರಾಂಕೊನ ಸ್ಪೇನಿನವರು, ಇನ್ನೊಬ್ಬರು ಕಮ್ಯುನಿಸ್ಟ್ ಹಂಗೆರಿಯವರು. ಇಬ್ಬರೂ ಒಂದೇ ಮೇಜಿನ ಸುತ್ತ ಕೂತು ಟೂರ್ನಿಗೆ ಒಪ್ಪಿದರು. ಅದರ ನಂತರ ಫಿಫಾ ಹಸಿರು ನಿಶಾನೆ ತೋರಿತು, ಜೂನ್‌ನಲ್ಲಿ ಯುಇಎಫ್‌ಎ ಟೂರ್ನಿಯನ್ನು ತನ್ನ ಕೈಗೆ ತೆಗೆದುಕೊಂಡಿತು.

ಮೊದಲ ವರ್ಷ ಹದಿನಾರು ಕ್ಲಬ್ಬುಗಳು. ಎಲ್ಲರೂ ಚಾಂಪಿಯನ್ನರೇನಲ್ಲ, ಹಲವರು ಕರೆಯೋಲೆಯ ಮೇಲೆ ಬಂದವರು. ಇಂಗ್ಲೆಂಡಿನ ಚಾಂಪಿಯನ್ ಚೆಲ್ಸಿಗೂ ಕರೆ ಹೋಗಿತ್ತು, ಕ್ಲಬ್ ಒಪ್ಪಿಯೂ ಇತ್ತು. ಆದರೆ ಲೀಗ್ ಪಂದ್ಯಗಳಿಗೆ ಅಡ್ಡಿಯಾಗುತ್ತದೆ ಎಂದು ಇಂಗ್ಲಿಷ್ ಫುಟ್‌ಬಾಲ್ ಲೀಗ್ ತಡೆಯಿತು. ಚೆಲ್ಸಿ ಹಿಂದೆ ಸರಿಯಿತು, ಅದರ ಜಾಗಕ್ಕೆ ಪೋಲೆಂಡಿನ ಗ್ವಾರ್ಡಿಯಾ ವಾರ್ಸಾ ಬಂತು. ಸ್ಕಾಟ್ಲೆಂಡಿನಿಂದ ಹೋದದ್ದು ಆ ವರ್ಷದ ಚಾಂಪಿಯನ್ ಅಬರ್ಡೀನ್ ಅಲ್ಲ, ಎಡಿನ್‌ಬರೊದ ಹಿಬರ್ನಿಯನ್. ಲೀಗಿನಲ್ಲಿ ಅದು ಐದನೇ ಸ್ಥಾನದಲ್ಲಿತ್ತು. ಆದರೆ ಅದರ ಮೈದಾನದಲ್ಲಿ ದೀಪಗಳಿದ್ದವು, ಯುರೋಪ್ ತಿರುಗಿ ಆಡಿದ ಅಭ್ಯಾಸವಿತ್ತು. ಆ ತಂಡ ಸೆಮಿಫೈನಲ್‌ವರೆಗೂ ಹೋಯಿತು.

1955ರ ಸೆಪ್ಟೆಂಬರ್ 4ರಂದು ಲಿಸ್ಬನ್‌ನಲ್ಲಿ ಮೊದಲ ಪಂದ್ಯ. ಸ್ಪೋರ್ಟಿಂಗ್ ಮತ್ತು ಬೆಲ್‌ಗ್ರೇಡ್‌ನ ಪಾರ್ಟಿಜಾನ್ 3-3ರಿಂದ ಸಮ ಮಾಡಿಕೊಂಡವು. ಟೂರ್ನಿಯ ಮೊದಲ ಗೋಲು ಸ್ಪೋರ್ಟಿಂಗ್‌ನ ಜೊವಾವ್ ಮಾರ್ಟಿನ್ಸ್ ಅವರದು.

ಅದೇ ಪಾರ್ಟಿಜಾನ್ ಮುಂದಿನ ಸುತ್ತಿನಲ್ಲಿ ಎದುರಿಸಿದ್ದು ರಿಯಲ್ ಮ್ಯಾಡ್ರಿಡನ್ನು. ಸ್ಪೇನ್‌ಗೂ ಯುಗೊಸ್ಲಾವಿಯಾಕ್ಕೂ ಆಗ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಕ್ರಿಸ್‌ಮಸ್ ದಿನ ಮ್ಯಾಡ್ರಿಡ್‌ನಲ್ಲಿ ರಿಯಲ್ 4-0ರಿಂದ ಗೆದ್ದಿತು. ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಂತಿರಲಿಲ್ಲ. ಜನವರಿಯ ಕೊನೆಯಲ್ಲಿ ಬೆಲ್‌ಗ್ರೇಡ್‌ಗೆ ಹೋದರೆ ಮೈದಾನದ ತುಂಬ ಹಿಮ. ಮ್ಯಾಡ್ರಿಡ್ ಆಟಗಾರರು ನಿಂತಲ್ಲೇ ಜಾರಿದರು, 3-0ರಿಂದ ಸೋತರು. ಒಟ್ಟು ಲೆಕ್ಕದಲ್ಲಿ 4-3, ಕೂದಲೆಳೆಯಲ್ಲಿ ಬಚಾವ್. ಹಿಮದ ಮೇಲೆ ಇನ್ನೊಂದು ಗೋಲು ಬಿದ್ದಿದ್ದರೆ ರಿಯಲ್ ಮ್ಯಾಡ್ರಿಡ್ ಚರಿತ್ರೆ ಯಾವ ದಾರಿ ಹಿಡಿಯುತ್ತಿತ್ತೋ. ಜೂನ್ 13ರಂದು ಪ್ಯಾರಿಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಫ್ರಾನ್ಸಿನ ರೀಮ್ಸ್ ಹತ್ತೇ ನಿಮಿಷದಲ್ಲಿ ಎರಡು ಗೋಲು ಮುಂದಿತ್ತು. ಆಲ್ಫ್ರೆಡೊ ಡಿ ಸ್ಟೆಫಾನೊ ಒಂದು ಗೋಲು ಹೊಡೆದು ತಂಡವನ್ನು ಎಬ್ಬಿಸಿದರು. ಕೊನೆಗೆ ರಿಯಲ್ 4-3ರಿಂದ ಕಪ್ ಎತ್ತಿತು. 1960ರವರೆಗೆ ಸತತ ಐದು ವರ್ಷ ಆ ಕಪ್ ಬೇರೆ ಯಾರ ಕೈಗೂ ಹೋಗಲಿಲ್ಲ.

ಮೊಲಿನ್ಯೂದಲ್ಲಿ ಸೋತ ಹೊನ್ವೇಡ್ ಏನಾಯಿತು? ಅದರ ಕಥೆ ನೋವಿನದು. ಎರಡನೇ ವರ್ಷದ ಟೂರ್ನಿಗೆ ಆ ತಂಡ ಬಂತು. 1956ರ ಅಕ್ಟೋಬರ್‌ನಲ್ಲಿ ಹಂಗೆರಿಯಲ್ಲಿ ಜನ ದಂಗೆ ಎದ್ದರು, ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿದವು. ಆಟಗಾರರು ಅಷ್ಟರಲ್ಲಿ ದೇಶದಿಂದ ಹೊರಗಿದ್ದರು. ನವೆಂಬರ್ 22ರಂದು ಸ್ಪೇನಿನ ಬಿಲ್ಬಾವೊದಲ್ಲಿ ಅಥ್ಲೆಟಿಕ್ ತಂಡದ ಎದುರು 3-2ರಿಂದ ಸೋತರು. ಇನ್ನು ತವರಿನ ಪಂದ್ಯ. ಆದರೆ ತವರಿಗೆ ಹೋಗುವುದು ಹೇಗೆ? ಅವರ ‘ತವರಿನ’ ಪಂದ್ಯ ಡಿಸೆಂಬರ್ 20ರಂದು ಬ್ರಸೆಲ್ಸ್‌ನಲ್ಲಿ ನಡೆಯಿತು. ಬದಲಿ ಆಟಗಾರರಿಗೆ ಅವಕಾಶವಿಲ್ಲದ ಕಾಲ. ಗೋಲ್‌ಕೀಪರ್ ಗಾಯಗೊಂಡು ಹೊರನಡೆದಾಗ ಮುಂಚೂಣಿ ಆಟಗಾರ ಸಿಬೋರ್ ಕೈಗವಸು ತೊಟ್ಟು ಗೋಲಿಗೆ ನಿಂತರು. ಪಂದ್ಯ 3-3, ಒಟ್ಟಾರೆ 6-5ರಿಂದ ಹೊನ್ವೇಡ್ ಹೊರಬಿತ್ತು. ಪುಷ್ಕಾಸ್, ಕೊಚಿಷ್, ಸಿಬೋರ್ ಊರಿಗೆ ಮರಳಲಿಲ್ಲ. ನಿಷೇಧ ಅನುಭವಿಸಿದ ಪುಷ್ಕಾಸ್ 1958ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ದಪ್ಪಗಾದ ಮೈ ಹೊತ್ತು ರಿಯಲ್ ಮ್ಯಾಡ್ರಿಡ್ ಸೇರಿದರು. ಇನ್ನಿಬ್ಬರಿಗೆ ಬಾರ್ಸಿಲೋನ ಮನೆಯಾಯಿತು.

ಪರರ ಅಂಗಳಕ್ಕೆ ಹೋಗಿ ಬರಬೇಕೆಂಬ ಷರತ್ತಿಗೆ ಇಂಗ್ಲೆಂಡ್ ತೆತ್ತ ಬೆಲೆಯನ್ನು ನೆನೆದರೆ ಇಂದಿಗೂ ಕರುಳು ಚುರುಕ್ಕೆನ್ನುತ್ತದೆ. ಚೆಲ್ಸಿಯನ್ನು ತಡೆದ ಲೀಗ್ 1956ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಬೇಡವೆಂದಿತು. ಮ್ಯಾನೇಜರ್ ಮ್ಯಾಟ್ ಬಸ್ಬಿ ಜಗ್ಗಲಿಲ್ಲ. ತಮ್ಮ ಮೈದಾನದಲ್ಲಿ ಹೊನಲು ಬೆಳಕಿಲ್ಲದ ಕಾರಣ ನೆರೆಯ ಮೇನ್ ರೋಡ್ ಮೈದಾನದಲ್ಲಿ ಆಡಿದ ಅವರ ಹುಡುಗರು ಬೆಲ್ಜಿಯಂನ ಆಂಡರ್ಲೆಕ್ಟ್ ತಂಡಕ್ಕೆ ಹತ್ತು ಗೋಲು ಹೊಡೆದರು. 1958ರ ಫೆಬ್ರವರಿ 5ರಂದು ಅದೇ ತಂಡ ಬೆಲ್‌ಗ್ರೇಡ್‌ನಲ್ಲಿ ರೆಡ್ ಸ್ಟಾರ್ ಎದುರು 3-3ರ ಸಮ ಸಾಧಿಸಿ ಸೆಮಿಫೈನಲ್ ತಲುಪಿತು. ಶನಿವಾರಕ್ಕೆ ಲೀಗ್ ಪಂದ್ಯ ಕಾದಿತ್ತು. ಎದುರಾಳಿ ಮತ್ತಾರೂ ಅಲ್ಲ, ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ವುಲ್ವ್ಸ್. ತಡವಾಗಬಾರದೆಂದು ವಿಶೇಷ ವಿಮಾನ ಗೊತ್ತುಮಾಡಲಾಗಿತ್ತು. ಇಂಧನಕ್ಕೆ ಮ್ಯೂನಿಕ್‌ನಲ್ಲಿ ಇಳಿದ ವಿಮಾನ ಎರಡು ಸಲ ಏರಲು ಯತ್ನಿಸಿ ನಿಂತಿತು. ಮೂರನೇ ಸಲ ಓಟಪಥದ ಹಿಮಗೆಸರಿನಲ್ಲಿ ವೇಗ ಸಿಗದೆ ಬೇಲಿ ದಾಟಿ ಮನೆಯೊಂದಕ್ಕೆ ಅಪ್ಪಳಿಸಿತು. ಇಪ್ಪತ್ತಮೂರು ಜನ ಸತ್ತರು. ಅವರಲ್ಲಿ ಎಂಟು ಮಂದಿ ಆಟಗಾರರು, ಎಂಟು ಮಂದಿ ಪತ್ರಕರ್ತರು. ಇಂಗ್ಲೆಂಡಿನ ಭರವಸೆಯಾಗಿದ್ದ ಇಪ್ಪತ್ತೊಂದರ ಹುಡುಗ ಡಂಕನ್ ಎಡ್ವರ್ಡ್ಸ್ ಹದಿನೈದು ದಿನ ಆಸ್ಪತ್ರೆಯಲ್ಲಿ ಸಾವಿನೊಡನೆ ಹೋರಾಡಿ ಕಣ್ಮುಚ್ಚಿದ. ಬದುಕಿ ಬಂದ ಬಸ್ಬಿ ಹತ್ತು ವರ್ಷದ ನಂತರ, 1968ರ ಮೇ 29ರಂದು, ಅದೇ ಕಪ್ಪನ್ನು ಗೆದ್ದರು. ಮ್ಯೂನಿಕ್‌ನಲ್ಲಿ ಬದುಕುಳಿದ ಬಾಬಿ ಚಾರ್ಲ್‌ಟನ್ ಮತ್ತು ಬಿಲ್ ಫೋಲ್ಕ್ಸ್ ಆ ತಂಡದಲ್ಲಿದ್ದರು.

ವುಲ್ವ್ಸ್‌ಗೂ ಒಂದು ದಿನ ಅನೋ ಸವಾಲನ್ನು ಎದುರಿಸುವ ಸರದಿ ಬಂತು. ಇಂಗ್ಲೆಂಡ್ ಚಾಂಪಿಯನ್ ಆಗಿ 1958ರಲ್ಲಿ ಮೊದಲ ಬಾರಿ ಯುರೋಪಿಯನ್ ಕಪ್ ಆಡಿದಾಗ ಜರ್ಮನಿಯ ಶಾಲ್ಕೆ ಎದುರು ಬೇಗನೆ ಹೊರಬಿತ್ತು. ಮರುವರ್ಷ ಕ್ವಾರ್ಟರ್‌ಫೈನಲ್‌ವರೆಗೆ ಬಂತು, ಅಲ್ಲಿ ಎದುರಾದದ್ದು ಬಾರ್ಸಿಲೋನ. ಅಲ್ಲಿಗೆ ಹೋಗಿ 4-0ರಿಂದ ಸೋತು ಬಂದರು. 1960ರ ಮಾರ್ಚ್ 2ರಂದು ಮೊಲಿನ್ಯೂದಲ್ಲಿ ಮರುಪಂದ್ಯ. ಅದೇ ಮೈದಾನ. ಬಾರ್ಸಿಲೋನ 5-2ರಿಂದ ಗೆದ್ದಿತು. ಐದರಲ್ಲಿ ನಾಲ್ಕು ಗೋಲು ಕೊಚಿಷ್ ಅವರವು. ಐದು ವರ್ಷದ ಹಿಂದೆ ಅದೇ ಕೆಸರಿನಲ್ಲಿ ಕಾಲು ಸೋತು ನಿಂತಿದ್ದ ಕೊಚಿಷ್! ಅನೋ ಎತ್ತಿದ್ದ ಪ್ರಶ್ನೆಗೆ ಇದಕ್ಕಿಂತ ಪೂರ್ಣವಾದ ಉತ್ತರ ಇರಲಾರದು. ಅದೇ ವರ್ಷದ ಮೇ ತಿಂಗಳಲ್ಲಿ ಗ್ಲಾಸ್ಗೊದ ಹ್ಯಾಂಪ್‌ಡೆನ್ ಪಾರ್ಕಿನಲ್ಲಿ 1,27,000ಕ್ಕೂ ಹೆಚ್ಚು ಜನರೆದುರು ರಿಯಲ್ ಮ್ಯಾಡ್ರಿಡ್ ಜರ್ಮನಿಯ ಐಂಟ್ರಾಕ್ಟ್ ಫ್ರಾಂಕ್‌ಫರ್ಟ್ ತಂಡವನ್ನು 7-3ರಿಂದ ಸೋಲಿಸಿತು. ಡಿ ಸ್ಟೆಫಾನೊ ಮೂರು, ಪುಷ್ಕಾಸ್ ನಾಲ್ಕು.

ಎರಡು ಪಂದ್ಯದ ಲೆಕ್ಕದಲ್ಲೂ ಸಮವಾದರೆ? ಮೊದಮೊದಲು ಮೂರನೇ ಊರಿನಲ್ಲಿ ಮೂರನೇ ಪಂದ್ಯ, ಅಲ್ಲೂ ಸಮವಾದರೆ ಟಾಸ್. 1965ರಲ್ಲಿ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ಎರಡು ಸಲ 0-0 ಆಡಿ ರಾಟರ್‌ಡ್ಯಾಮ್‌ನಲ್ಲಿ 2-2 ಆದವು. ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿ ಬಳಿದ ಬಿಲ್ಲೆಯನ್ನು ರೆಫರಿ ಮೇಲಕ್ಕೆ ಚಿಮ್ಮಿದರು. ಅದು ಬಂದು ಕೆಸರಿನಲ್ಲಿ ಅಂಚಿನ ಮೇಲೆ ನೆಟ್ಟಗೆ ನಿಂತುಬಿಟ್ಟಿತು. ಮತ್ತೊಮ್ಮೆ ಚಿಮ್ಮಿದಾಗ ಕೆಂಪು ಬಂತು, ಲಿವರ್‌ಪೂಲ್ ಮುಂದೆ ಹೋಯಿತು. ಮುನ್ನೂರು ನಿಮಿಷ ಆಡಿದ ಆಟಗಾರರ ಹಣೆಬರಹ ಒಂದು ಬಿಲ್ಲೆಯ ಮೇಲೆ ನಿಲ್ಲಬಾರದು. ಹೀಗಾಗಿಯೇ ಎದುರಾಳಿಯ ಊರಿನಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮ 1960ರ ದಶಕದಲ್ಲೇ ಬಂತು. 2021ರಲ್ಲಿ ಅದನ್ನು ಕೈಬಿಟ್ಟರು.

ಹಣ ಬಂದ ಬಗೆಯನ್ನು ಹೆಚ್ಚು ವಿವರಿಸಬೇಕಿಲ್ಲ. 1992ರಲ್ಲಿ ಹೆಸರು ಚಾಂಪಿಯನ್ಸ್ ಲೀಗ್ ಆಯಿತು. 1997ರಿಂದ ದೊಡ್ಡ ಲೀಗುಗಳ ಎರಡನೇ ಸ್ಥಾನದವರಿಗೂ, ಆಮೇಲೆ ಮೂರು, ನಾಲ್ಕನೆಯವರಿಗೂ ಬಾಗಿಲು ತೆರೆಯಿತು. 2021ರ ಏಪ್ರಿಲ್ 18ರಂದು ಹನ್ನೆರಡು ಸಿರಿವಂತ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಕಟ್ಟುವುದಾಗಿ ಸಾರಿದವು. ಸ್ಥಾಪಕ ಕ್ಲಬ್ಬುಗಳಿಗೆ ಅದರಲ್ಲಿ ಕಾಯಂ ಜಾಗ, ಆಡಿ ಗೆದ್ದು ಅರ್ಹತೆ ಪಡೆಯುವ ಗೊಡವೆಯಿಲ್ಲ. ಅಭಿಮಾನಿಗಳು ಬೀದಿಗಿಳಿದರು. ಲಂಡನ್ನಿನಲ್ಲಿ ಜನ ಚೆಲ್ಸಿ ಕ್ರೀಡಾಂಗಣದ ಹೊರಗೆ ರಸ್ತೆ ತುಂಬಿ ನಿಂತರು. 1955ರಲ್ಲಿ ಯುರೋಪಿಗೆ ಹೋಗದಂತೆ ತಡೆಯಲ್ಪಟ್ಟ ಅದೇ ಚೆಲ್ಸಿ. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹೊರನಡೆದವು. ಕಾಲ್ಚೆಂಡಿನ ಇತ್ತೀಚಿನ ಇತಿಹಾಸದಲ್ಲಿ ಸಾಮಾನ್ಯ ಪ್ರೇಕ್ಷಕನಿಗೆ ದಕ್ಕಿದ ಅತಿ ದೊಡ್ಡ ಗೆಲುವು ಅದು.

ಪ್ಯಾರಿಸ್ ಹೋಟೆಲಿನಲ್ಲಿ ಮೂಡಿದ ಮಾದರಿ ಊರೂರು ಸುತ್ತಿತು. ಚಿಲಿಯಿಂದ ಎರವಲು ತಂದ ಸಾಲ 1960ರಲ್ಲಿ ದಕ್ಷಿಣ ಅಮೆರಿಕಕ್ಕೆ ಮರಳಿ ಸಂದಿತು. ಈಗ ಕೋಪಾ ಲಿಬರ್ಟಡೋರೆಸ್ ಎನ್ನುವ ಟೂರ್ನಿ ಶುರುವಾಗಿ, ಉರುಗ್ವೆಯ ಪೆನಾರೋಲ್ ಮೊದಲ ಚಾಂಪಿಯನ್ ಆಯಿತು. 1967ರಲ್ಲಿ ಏಷ್ಯಾದ ಕ್ಲಬ್ಬುಗಳಿಗೂ ಟೂರ್ನಿ ಬಂತು, 2004ರಲ್ಲಿ ಎಎಫ್‌ಸಿ ಕಪ್.

ಆ ಎಎಫ್‌ಸಿ ಕಪ್ಪಿನ 2016ರ ಸೆಮಿಫೈನಲ್‌ನಲ್ಲಿ, ಹುಟ್ಟಿ ಮೂರೇ ವರ್ಷವಾಗಿದ್ದ ಬೆಂಗಳೂರು ಎಫ್‌ಸಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಎದುರಿಸಿತು. ಮೊದಲು ಅವರ ಅಂಗಳಕ್ಕೆ ಹೋಗಿ 1-1ರಿಂದ ಸಮ ಮಾಡಿಕೊಂಡು ಬಂತು. ಅಕ್ಟೋಬರ್ 19ರ ರಾತ್ರಿ ಕಂಠೀರವ ಕ್ರೀಡಾಂಗಣದ ಹೊನಲು ಬೆಳಕಿನಲ್ಲಿ ಮೊದಲ ಗೋಲು ಬಿಟ್ಟುಕೊಟ್ಟರೂ, ಸುನಿಲ್ ಚೆಟ್ರಿ ಅವರ ಎರಡು ಗೋಲಿನ ಬಲದಿಂದ 3-1ರಿಂದ ಗೆದ್ದಿತು. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ಕ್ಲಬ್ 1-0ರಿಂದ ಕಪ್ ಗೆದ್ದುಕೊಂಡಿತು.